ತೊಗಟೆ ಕಂಡವರು, ಮೊಗ್ಗು ಕಂಡವರು

ನಾವು ನೀಲಗಿರಿ ಎಂಬ ಒಂದೇ ಹೆಸರಿನಿಂದ ಕರೆದು ಮುಗಿಸುವ ಮರಗಳ ತವರು ಆಸ್ಟ್ರೇಲಿಯ. ಹತ್ತಿರದ ನಂಟಿನ ಕೊರಿಂಬಿಯ, ಆಂಗೊಫೊರಗಳನ್ನೂ ಸೇರಿಸಿಕೊಂಡರೆ ಅಲ್ಲಿ ಈ ಬಳಗದ ಪ್ರಭೇದಗಳು ಎಂಟುನೂರನ್ನು ದಾಟುತ್ತವೆ. ಹಿಮ ಬೀಳುವ ಬೆಟ್ಟದ ಮೇಲೆ ಕುಳ್ಳಗೆ, ಸೊಟ್ಟಗೆ ಬೆಳೆಯುವುದೂ ಇದೆ. ಟ್ಯಾಸ್ಮೇನಿಯದ ಕಣಿವೆಗಳಲ್ಲಿ ನೂರು ಮೀಟರಿನ ಹತ್ತಿರಕ್ಕೆ ಏರುವುದೂ ಇದೆ. ಬೆಳೆದ ಮರದ ಎಲೆ ಬಹುಪಾಲು ಪ್ರಭೇದಗಳಲ್ಲಿ ಒಂದೇ ಬಗೆ, ಉದ್ದವಾಗಿ ಕೊಂಚ ಬಾಗಿ ಕೆಳಮುಖವಾಗಿ ಜೋಲುವಂಥದು. ಆದ್ದರಿಂದ ಒಂದನ್ನು ಇನ್ನೊಂದರಿಂದ ಬೇರ್ಪಡಿಸಬೇಕಾದವರು ತೊಗಟೆ, ಮೊಗ್ಗು, ಕಾಯಿ ಈ ಮೂರರ ಕಡೆಗೆ ತಿರುಗಲೇಬೇಕು. ಇಂದಿನ ಯಾವ ಕೈಪಿಡಿಯನ್ನು ತೆರೆದರೂ ಮೂರನ್ನೂ ಒಟ್ಟಿಗೆ ನೋಡಿ ಎಂದೇ ಹೇಳುತ್ತದೆ. ಆದರೆ ಈ ಮೂರು ಸಾಕ್ಷಿಗಳಿಗೆ ಸಮಾನ ಮನ್ನಣೆ ಸಿಕ್ಕಿದ್ದು ಬಹಳ ತಡವಾಗಿ. ಯಾವುದನ್ನು ಸಾಕ್ಷಿಯೆಂದು ಒಪ್ಪಬೇಕು, ಯಾವುದನ್ನು ತಳ್ಳಿಹಾಕಬೇಕು ಎಂಬುದನ್ನು ಬಹುಕಾಲ ತೀರ್ಮಾನಿಸಿದ್ದು ಮರದ ಗುಣವಲ್ಲ, ಅದನ್ನು ನೋಡುತ್ತಿದ್ದವರು ಎಲ್ಲಿದ್ದರು ಎಂಬ ಸಂಗತಿ. ಇದರ ಬುಡದಲ್ಲಿ ಇನ್ನೂ ಒಂದು ಗೊಂದಲವಿತ್ತು. ಈ ಮರ ಯಾವುದರ ಬಂಧು ಎಂಬ ಪ್ರಶ್ನೆ ಬೇರೆ, ಎದುರಿಗಿರುವ ಈ ಮರ ಯಾವುದು ಎಂಬ ಪ್ರಶ್ನೆ ಬೇರೆ. ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ಮೊದಲನೆಯದಕ್ಕೆ ಉತ್ತರ ಸಿಕ್ಕಿದರೆ ಎರಡನೆಯದೂ ತಾನಾಗಿ ಬಗೆಹರಿಯುತ್ತದೆ ಎಂದು ನಂಬಿದ್ದರು. ಅದು ಬಗೆಹರಿಯಲಿಲ್ಲ ಎನ್ನುವುದೇ ಈ ಮರಗಳ ಚರಿತ್ರೆಯ ಮುಖ್ಯ ಪಾಠ ಎಂದು ನನ್ನ ವಾದ.

ಮೊದಲಿನಿಂದ ನೋಡೋಣ. 1770ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗಿನಲ್ಲಿ ಬಾಟನಿ ಬೇಗೆ ಬಂದ ಜೋಸೆಫ್ ಬ್ಯಾಂಕ್ಸ್ ಮತ್ತು ಡೇನಿಯಲ್ ಸೊಲಾಂಡರ್ ಕೆಂಪು ಅಂಟು ಸುರಿಸುವ ಮರಗಳನ್ನು ಕಂಡು ರೆಂಬೆಗಳನ್ನು ಒಣಗಿಸಿ ಒಯ್ದರು. ಕುಕ್‌ನ ಮೂರನೆಯ ಯಾನದಲ್ಲಿ, 1777ರ ಜನವರಿಯಲ್ಲಿ, ಡೇವಿಡ್ ನೆಲ್ಸನ್ ಎಂಬ ತೋಟಗಾರ ಟ್ಯಾಸ್ಮೇನಿಯದ ಪಕ್ಕದ ಬ್ರೂನಿ ದ್ವೀಪದಿಂದ ಇನ್ನೊಂದು ರೆಂಬೆಯನ್ನು ತಂದ. ಲಂಡನ್ನಿನ ಸಂಗ್ರಹದಲ್ಲಿದ್ದ ಆ ಒಣ ರೆಂಬೆಯನ್ನು ನೋಡಿ ಫ್ರಾನ್ಸಿನ ಲೆರಿಟಿಯೆ 1788ರಲ್ಲಿ ಯೂಕಲಿಪ್ಟಸ್ ಎಂಬ ಹೊಸ ಕುಲವನ್ನು ಸ್ಥಾಪಿಸಿದ. ಅವನಿಗೆ ವಿಶೇಷವಾಗಿ ಕಂಡದ್ದು ಮೊಗ್ಗಿನ ಮೇಲಿನ ಮುಚ್ಚಳ; ಕುಲದ ಹೆಸರು ಹುಟ್ಟಿದ್ದೇ ಅದರಿಂದ. ಪ್ರಭೇದಕ್ಕೆ ಒಬ್ಲಿಕ್ವ ಎಂದು ಹೆಸರಿಟ್ಟದ್ದು ಎಲೆಯ ಬುಡದ ಎರಡು ಪಕ್ಕಗಳು ಸಮವಾಗಿಲ್ಲ ಎಂಬ ಕಾರಣಕ್ಕೆ. ಆ ಮರ ನೆಲದಿಂದ ಕೊಂಬೆಗಳವರೆಗೆ ದಪ್ಪ ನಾರಿನ ತೊಗಟೆ ಹೊದ್ದುಕೊಂಡಿರುತ್ತದೆ, ಎಳೆದರೆ ನಾರು ಉದ್ದುದ್ದ ಪಟ್ಟಿಯಾಗಿ ಕೈಗೆ ಬರುತ್ತದೆ, ವಲಸಿಗರು ಅದರ ತೊಗಟೆಯನ್ನೇ ಗುಡಿಸಲಿಗೆ ಹೊದಿಸುವ ಕಾಲ ಬರಲಿದೆ. ಇದೊಂದೂ ಲೆರಿಟಿಯೆಗೆ ಗೊತ್ತಾಗುವಂತಿರಲಿಲ್ಲ. ಅದೇ 1788ರಲ್ಲಿ ಜರ್ಮನಿಯ ಗೇರ್ಟ್ನರ್ ಬ್ಯಾಂಕ್ಸ್ ತಂದಿದ್ದ ಕೆಂಪು ಅಂಟಿನ ಮರವನ್ನು ಹಣ್ಣು-ಬೀಜಗಳನ್ನು ಕುರಿತ ತನ್ನ ಗ್ರಂಥದಲ್ಲಿ ವರ್ಣಿಸಿದ, ಅದೂ ಬೇರೆಯೇ ಕುಲದ ಹೆಸರಿನಲ್ಲಿ. ಒಬ್ಬನು ಮೊಗ್ಗಿನಿಂದ ಹೊರಟ, ಇನ್ನೊಬ್ಬನು ಕಾಯಿಯಿಂದ. ಇಬ್ಬರೂ ಮರವನ್ನು ಕಂಡವರಲ್ಲ.

ಮುಂದಿನ ಹತ್ತು ವರ್ಷಗಳಲ್ಲಿ ಸಿಡ್ನಿಯಿಂದ ಕಟ್ಟುಕಟ್ಟಾಗಿ ಮಾದರಿಗಳು ಇಂಗ್ಲೆಂಡಿಗೆ ಬಂದವು. ಅವನ್ನು ವರ್ಣಿಸಿದ ಜೇಮ್ಸ್ ಎಡ್ವರ್ಡ್ ಸ್ಮಿತ್ ಕೂಡ ಆಸ್ಟ್ರೇಲಿಯಕ್ಕೆ ಕಾಲಿಟ್ಟವನಲ್ಲ. ಅವನು 1795ರಲ್ಲಿ ಹೆಸರಿಸಿದ ಟೆರೆಟಿಕಾರ್ನಿಸ್‌ಗೆ ಗುರುತು ಮೊಗ್ಗಿನ ಉದ್ದನೆಯ ದುಂಡು ಮುಚ್ಚಳ. ಪಿಲ್ಯುಲಾರಿಸ್‌ಗೆ ಗುರುತು ಗುಳಿಗೆಯಷ್ಟು ದುಂಡಾದ ಕಾಯಿ. ಹೀಮಾಸ್ಟೋಮಕ್ಕೆ ಗುರುತು ಕಾಯಿಯ ಬಾಯಿಯ ಕೆಂಪು ಅಂಚು. ಇವೇ ಮರಗಳನ್ನು ಸಿಡ್ನಿಯ ಸುತ್ತ ಕಡಿದು ಸೀಳುತ್ತಿದ್ದ ಕೈದಿಗಳು, ಗರಗಸದವರು ಬೇರೆ ಕಡೆಯಿಂದ ಗುರುತಿಸಿದರು. ಪಿಲ್ಯುಲಾರಿಸ್ ಅವರ ಬಾಯಲ್ಲಿ ಬ್ಲಾಕ್‌ಬಟ್ ಆಯಿತು, ಏಕೆಂದರೆ ಅದರ ಬುಡದ ಒರಟು ತೊಗಟೆ ಬೆಂಕಿಗೆ ಕರಕಲಾಗಿ ಮೇಲ್ಭಾಗ ನುಣುಪಾಗಿ ಬೆಳ್ಳಗಿರುತ್ತದೆ. ಹೀಮಾಸ್ಟೋಮ ಸ್ಕ್ರಿಬ್ಲಿ ಗಮ್ ಆಯಿತು. ಒಂದು ಬಗೆಯ ಪತಂಗದ ಮರಿಹುಳು ಆ ಮರದ ಹಳೆಯ ತೊಗಟೆಯ ಅಡಿಯಲ್ಲಿ ಸುರಂಗ ಕೊರೆಯುತ್ತ ಹೋಗುತ್ತದೆ. ಮೇಲಿನ ಪದರ ಕಳಚಿದಾಗ ಬೂದು ಬಿಳುಪಿನ ಕಾಂಡದ ಮೇಲೆ ಅದರ ದಾರಿಯೆಲ್ಲ ಅಂಕುಡೊಂಕು ಗೀಚುಗಳಾಗಿ ಎದ್ದು ಕಾಣುತ್ತದೆ. ಐರನ್‌ಬಾರ್ಕ್, ಸ್ಟ್ರಿಂಗಿಬಾರ್ಕ್, ಬ್ಲಡ್‌ವುಡ್ ಎಲ್ಲವೂ ಕೊಡಲಿ ಹಿಡಿದವರು ಇಟ್ಟ ಹೆಸರುಗಳೇ. ಇದರಲ್ಲಿ ಆಶ್ಚರ್ಯವಿಲ್ಲ. ಮೊಗ್ಗು ಇರುವುದು ಮೂವತ್ತು ನಲವತ್ತು ಮೀಟರ್ ಮೇಲೆ. ಫ್ರೆಂಚ್ ಸಸ್ಯಶಾಸ್ತ್ರಜ್ಞ ಲಾ ಬಿಲಾರ್ದಿಯೇರ್ 1792ರಲ್ಲಿ ಟ್ಯಾಸ್ಮೇನಿಯದಲ್ಲಿ ಗ್ಲಾಬ್ಯುಲಸ್ ಪ್ರಭೇದವನ್ನು ಕಂಡಾಗ ಹೂವು ಕೈಗೆ ಸಿಗಲೆಂದು ಮರವನ್ನೇ ಕಡಿಸಬೇಕಾಯಿತು. ತೊಗಟೆಯಾದರೋ ಎದೆಯ ಮಟ್ಟದಲ್ಲಿ, ವರ್ಷದ ಹನ್ನೆರಡು ತಿಂಗಳೂ ಕೈಗೆ ಸಿಗುತ್ತದೆ.

ಆದರೆ ತೊಗಟೆಯನ್ನು ಓದುವ ವಿದ್ಯೆ ವಲಸಿಗರಿಂದ ಶುರುವಾದದ್ದಲ್ಲ. ಆ ನೆಲದ ಮೂಲಜನರಿಗೆ ಇದು ಸಹಸ್ರಾರು ವರ್ಷಗಳ ಬದುಕಿನ ಮಾತು. ಮರ್ರಿ ನದಿಯ ದಂಡೆಗಳಲ್ಲಿ ದೋಣಿಗಾಗಿ ತೊಗಟೆ ಬಿಡಿಸಿದ ಉದ್ದನೆಯ ಗಾಯದ ಗುರುತು ಇರುವ ರಿವರ್ ರೆಡ್ ಗಮ್ ಮರಗಳು ಇಂದಿಗೂ ನಿಂತಿವೆ. ಉತ್ತರದ ಆರ್ನೆಮ್ ಲ್ಯಾಂಡಿನಲ್ಲಿ ಚಿತ್ರ ಬರೆಯಲು ಬಳಸುವುದು ಟೆಟ್ರೊಡೊಂಟ ಎಂಬ ಸ್ಟ್ರಿಂಗಿಬಾರ್ಕಿನ ತೊಗಟೆ. ಮಳೆಗಾಲದಲ್ಲಿ ರಸ ಏರಿದಾಗ ಮಾತ್ರ ಅದು ಹಾಳೆಯಾಗಿ ಸಲೀಸಾಗಿ ಬಿಟ್ಟುಬರುತ್ತದೆ ಎಂಬುದನ್ನು ಅಲ್ಲಿನ ಕಲಾವಿದರು ಬಲ್ಲರು. ನೈಋತ್ಯದ ನೂಂಗಾರ್ ಜನ ಜಾರ್ರಾ, ಕಾರಿ, ಮಾರ್ರಿ, ವಾಂಡೂ, ಟುವರ್ಟ್ ಎಂದು ಒಂದೊಂದನ್ನೂ ಬೇರೆ ಬೇರೆಯಾಗಿ ಕರೆಯುತ್ತಿದ್ದರು. ಇಂದಿನ ಮರದ ವ್ಯಾಪಾರಿಗಳೂ ಆ ಹೆಸರುಗಳನ್ನೇ ಬಳಸುತ್ತಾರೆ. ಇನ್ವೆಸ್ಟಿಗೇಟರ್ ಹಡಗಿನಲ್ಲಿ ಆಸ್ಟ್ರೇಲಿಯವನ್ನು ಸುತ್ತಿ ಬಂದ ರಾಬರ್ಟ್ ಬ್ರೌನ್ 1814ರಲ್ಲಿ ಈ ಮಾತನ್ನು ಪ್ರಾಮಾಣಿಕವಾಗಿ ದಾಖಲಿಸಿದ. ತೊಗಟೆಯ ಬಣ್ಣ, ಅದರ ಹೆಣಿಗೆ, ಅದು ಕಳಚುವ ರೀತಿ, ಕೊಂಬೆ ಒಡೆಯುವ ಬಗೆ ಇವುಗಳಿಂದ ಆ ಮರಗಳನ್ನು ಅಲ್ಲಿನ ಜನ ಸಸ್ಯಶಾಸ್ತ್ರಜ್ಞರಿಗಿಂತ ಸುಲಭವಾಗಿ ಬೇರ್ಪಡಿಸುತ್ತಾರೆ ಎಂಬ ಅರ್ಥ ಬರುವಂತೆ ಅವನು ಬರೆದಿದ್ದಾನೆ. ಆ ಕಾಲದ ಅತ್ಯಂತ ಸೂಕ್ಷ್ಮಕಣ್ಣಿನ ಸಸ್ಯಶಾಸ್ತ್ರಜ್ಞನೊಬ್ಬ ಒಪ್ಪಿಕೊಂಡ ಸತ್ಯ ಇದು. ಹೀಗಿದ್ದರೂ ಅವನ ನಂತರದ ಅರ್ಧ ಶತಮಾನ ಪುಸ್ತಕಗಳೆಲ್ಲ ಮುಚ್ಚಳದ ಉದ್ದ ಅಳೆಯುವುದರಲ್ಲೇ ಮುಳುಗಿದವು.

ಮುಚ್ಚಳದ ಮೇಲಿನ ಈ ವ್ಯಾಮೋಹ ಅಕಾರಣವಲ್ಲ, ಅದನ್ನೂ ನ್ಯಾಯವಾಗಿ ಹೇಳಬೇಕು. ಯೂಕಲಿಪ್ಟಸ್ ಹೂವಿಗೆ ನಮಗೆ ಪರಿಚಿತವಾದ ಎಸಳುಗಳಿಲ್ಲ. ಎಸಳುಗಳೂ ಹೊರದಳಗಳೂ ಬೆಸೆದುಕೊಂಡು ಮೊಗ್ಗಿನ ಮೇಲೆ ಮುಚ್ಚಳವಾಗಿವೆ. ಹೂವು ಅರಳುವ ಹೊತ್ತಿಗೆ ಅದು ಕಳಚಿ ಬಿದ್ದು ಒಳಗಿನ ಕೇಸರಗಳ ಕುಚ್ಚು ಬಿಚ್ಚಿಕೊಳ್ಳುತ್ತದೆ. ಬಲಿತ ಮೊಗ್ಗೊಂದನ್ನು ಭೂತಗನ್ನಡಿಯ ಕೆಳಗೆ ಹಿಡಿದು ಮುಚ್ಚಳ ಬಟ್ಟಲಿಗೆ ಕೂಡುವ ಜಾಗವನ್ನು ನೋಡಬೇಕು. ಕೆಲವು ಮರಗಳಲ್ಲಿ ಅಲ್ಲಿ ಒಂದು ಸಣ್ಣ ಉಂಗುರದಂಥ ಕಲೆ ಇರುತ್ತದೆ. ಹೊರದಳಗಳಿಂದಾದ ಹೊರಗಿನ ಮುಚ್ಚಳ ಮೊಗ್ಗು ಎಳೆಯದಿರುವಾಗಲೇ ಉದುರಿಹೋಗಿ ಉಳಿಸಿದ ಗುರುತು ಅದು. ಈಗ ಕಾಣುವುದು ಒಳಗಿನ ಎರಡನೆಯ ಮುಚ್ಚಳ. ಗ್ಲಾಬ್ಯುಲಸ್, ಟೆರೆಟಿಕಾರ್ನಿಸ್ ಈ ಗುಂಪಿನವು. ಒಬ್ಲಿಕ್ವ, ಹೀಮಾಸ್ಟೋಮಗಳ ಗುಂಪಿನಲ್ಲಿ ಮುಚ್ಚಳ ಒಂದೇ, ಆದ್ದರಿಂದ ಕಲೆಯೂ ಇಲ್ಲ. ಉಗುರಿನ ತುದಿಯಷ್ಟಿರುವ ಈ ಗೆರೆ ಇದೆಯೋ ಇಲ್ಲವೋ ಎಂಬುದರ ಮೇಲೆ ಇಡೀ ಬಳಗ ದೊಡ್ಡ ಎರಡು ಕವಲುಗಳಾಗಿ ಒಡೆಯುತ್ತದೆ. ಕಾಯಿಯದೂ ಅಷ್ಟೇ ಗಟ್ಟಿ ಸಾಕ್ಷಿ. ಕಟ್ಟಿಗೆಯಂತೆ ಗಡುಸಾದ ಈ ಕಾಯಿ ಬಿದ್ದ ಮೇಲೂ ತಿಂಗಳುಗಟ್ಟಲೆ ಮರದ ಬುಡದಲ್ಲಿ ರೂಪ ಕೆಡದೆ ಉಳಿಯುತ್ತದೆ. ಮೇಲ್ಬಾಯಿಯ ಅಂಚು ಒಳಕ್ಕೆ ಇಳಿದಿದೆಯೋ ಉಬ್ಬಿದೆಯೋ, ಬೀಜ ಹೊರಬಿಡಲು ಒಡೆಯುವ ಕವಾಟಗಳು ಮೂರೋ ನಾಲ್ಕೋ ಐದೋ, ಅವು ಒಳಗೇ ಅಡಗಿವೆಯೋ ಹೊರಕ್ಕೆ ಚಾಚಿವೆಯೋ ಎಂಬುದನ್ನೆಲ್ಲ ಮರ ಹತ್ತದೆಯೇ ನೋಡಬಹುದು. ಮಳೆ, ಬೆಂಕಿ, ಮಣ್ಣು ಇವು ತೊಗಟೆಯನ್ನು ಮಾರ್ಪಡಿಸುವಷ್ಟು ಮೊಗ್ಗು ಕಾಯಿಗಳನ್ನು ಮಾರ್ಪಡಿಸುವುದಿಲ್ಲ.

ಸಂಗ್ರಹಾಲಯದ ಈ ಪರಂಪರೆಗೆ ಎದುರಾಗಿ ನಿಂತವನು ಫರ್ಡಿನಾಂಡ್ ಮ್ಯೂಲರ್. ಜರ್ಮನಿಯಲ್ಲಿ ಹುಟ್ಟಿ 1847ರಲ್ಲಿ ಅಡಿಲೇಡಿಗೆ ಬಂದು 1853ರಲ್ಲಿ ವಿಕ್ಟೋರಿಯ ವಸಾಹತಿನ ಸರ್ಕಾರಿ ಸಸ್ಯಶಾಸ್ತ್ರಜ್ಞನಾದವನು ಅವನು. 1855-56ರಲ್ಲಿ ಗ್ರೆಗರಿ ಎಂಬ ಅನ್ವೇಷಕನ ತಂಡದೊಂದಿಗೆ ಉತ್ತರ ಆಸ್ಟ್ರೇಲಿಯದ ವಿಕ್ಟೋರಿಯ ನದಿಯಿಂದ ಪೂರ್ವ ಕರಾವಳಿಯವರೆಗೆ ಅಲೆದ. ಪಯಣದಲ್ಲಿ ದಿನವೂ ಹೊಸ ಮರ. ಎಲ್ಲವೂ ಹೂ ಬಿಟ್ಟು ಕಾದಿರುವುದಿಲ್ಲ. ಉಷ್ಣವಲಯದ ಯೂಕಲಿಪ್ಟಸ್‌ಗಳ ಬಗ್ಗೆ ಅವನು ಬರೆದು ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ 1859ರಲ್ಲಿ ಬಂದ ಪ್ರಬಂಧ ಮರಗಳನ್ನು ತೊಗಟೆಯ ರಚನೆಯಿಂದ ಆರು ಗುಂಪು ಮಾಡಿತು. ಪೂರ್ತಿ ನುಣುಪು, ಬುಡ ಒರಟು ಮೇಲೆ ನುಣುಪು, ಕೊಂಬೆಯವರೆಗೂ ಸುಕ್ಕುಗಟ್ಟಿದ್ದು, ದಪ್ಪ ನಾರಿನದು, ಆಳವಾಗಿ ಸೀಳಿದ ಗಟ್ಟಿ ಕಬ್ಬಿಣ ತೊಗಟೆ, ಪದರ ಪದರವಾಗಿ ಚಕ್ಕೆ ಏಳುವಂಥದು. ಇದು ವಲಸಿಗರ ಉಪಯೋಗಕ್ಕೆ ಎಂದು ಶೀರ್ಷಿಕೆಯಲ್ಲೇ ಘೋಷಿಸಿದ. ಜನ ಬಳಸುವ ವಿದ್ಯೆಯನ್ನು ಶಾಸ್ತ್ರದ ಚೌಕಟ್ಟಿಗೆ ತಂದ ಮೊದಲ ಗಂಭೀರ ಪ್ರಯತ್ನ ಇದು. ಅದರ ದಿಟ್ಟತನವನ್ನು ನಾವು ಮೆಚ್ಚಲೇಬೇಕು. ಹಾಗಿದ್ದೂ ಒಂದು ವಿಷಯ ಗಮನಿಸತಕ್ಕದ್ದು. ಆರ್ನೆಮ್ ಲ್ಯಾಂಡಿನವರು ತೊಗಟೆಗಾಗಿ ಹುಡುಕುವ ಆ ಮರಕ್ಕೆ ಟೆಟ್ರೊಡೊಂಟ ಎಂದು ಹೆಸರು ಕೊಟ್ಟದ್ದು ಇದೇ ಪ್ರಬಂಧ, ಕೊಟ್ಟ ಕಾರಣ ಮೊಗ್ಗಿನ ಬಟ್ಟಲ ಅಂಚಿನ ನಾಲ್ಕು ಹಲ್ಲುಗಳು. ಗುಂಪು ಕಟ್ಟಲು ತೊಗಟೆ, ಹೆಸರಿಡಲು ಮೊಗ್ಗು. ಮ್ಯೂಲರ್ ಯಾವುದನ್ನೂ ಬಿಟ್ಟುಕೊಡಲಿಲ್ಲ.

ಆಸ್ಟ್ರೇಲಿಯದ ಸಮಗ್ರ ಸಸ್ಯಗ್ರಂಥವನ್ನು ಬರೆಯುವ ಆಸೆ ಮ್ಯೂಲರ್‌ಗಿತ್ತು. ಕೆಲಸ ಹೋದದ್ದು ಲಂಡನ್ನಿನ ಕ್ಯೂ ಉದ್ಯಾನದಲ್ಲಿದ್ದ ಜಾರ್ಜ್ ಬೆಂಥಮ್‌ಗೆ. ಮ್ಯೂಲರ್ ಮೆಲ್ಬರ್ನಿನಿಂದ ಪೆಟ್ಟಿಗೆಗಟ್ಟಲೆ ಮಾದರಿಗಳನ್ನು ಹಡಗಿಗೆ ಹಾಕಿ ಕಳಿಸುವುದು, ಬೆಂಥಮ್ ಅವನ್ನು ಪರೀಕ್ಷಿಸಿ ವಾಪಸು ಮಾಡುವುದು, ಹೀಗೆ ವರ್ಷಗಟ್ಟಲೆ ನಡೆಯಿತು. ಯೂಕಲಿಪ್ಟಸ್ ಇರುವ ಮೂರನೆಯ ಸಂಪುಟ 1867ರ ಆರಂಭದಲ್ಲಿ ಹೊರಬಂತು. 135 ಪ್ರಭೇದಗಳ ವಿವರ ಅದರಲ್ಲಿತ್ತು. ಆಸ್ಟ್ರೇಲಿಯವನ್ನು ಒಮ್ಮೆಯೂ ನೋಡದ ಬೆಂಥಮ್‌ಗೆ ತೊಗಟೆಯ ವರ್ಗೀಕರಣ ಕೈಗೆ ಹತ್ತಲಿಲ್ಲ. ರಟ್ಟಿನ ಹಾಳೆಗೆ ಅಂಟಿಸಿದ ರೆಂಬೆಯಲ್ಲಿ ಕಾಂಡದ ತೊಗಟೆ ಎಲ್ಲಿಂದ ಬರಬೇಕು? ಅವನು ಹೂವಿನ ಕೇಸರದ ತುದಿಯ ಪರಾಗಕೋಶವನ್ನು ಸೂಕ್ಷ್ಮದರ್ಶಕದಲ್ಲಿಟ್ಟು, ಅದರ ಆಕಾರ ಮತ್ತು ಅದು ಬಿರಿಯುವ ಬಗೆಯ ಮೇಲೆ ಐದು ಗುಂಪುಗಳನ್ನು ಮಾಡಿದ. ಇಲ್ಲಿ ಬೆಂಥಮ್‌ನನ್ನು ಹಳಿಯುವುದು ಸುಲಭ, ಆದರೆ ಅದು ತಪ್ಪಾಗುತ್ತದೆ. ಮೂತ್ರಪಿಂಡದ ಆಕಾರದ ಪರಾಗಕೋಶವುಳ್ಳವು ಎಂದು ಅವನು ಒಂದೆಡೆ ಸೇರಿಸಿದ ಮರಗಳು ಬಹುಪಾಲು ಇಂದಿಗೂ ಒಂದೇ ಕವಲಿನವು. ಒಂದೇ ಮುಚ್ಚಳದ ಮೊಗ್ಗು ಇರುವುದೂ ಅವಕ್ಕೇ. ನಾರುತೊಗಟೆಯ ಒಬ್ಲಿಕ್ವ, ನುಣುಪು ತೊಗಟೆಯ ಹೀಮಾಸ್ಟೋಮ ನಿಜವಾಗಿ ಹತ್ತಿರದ ಬಂಧುಗಳು ಎಂಬುದನ್ನು ತೊಗಟೆ ಎಂದಿಗೂ ಹೇಳುತ್ತಿರಲಿಲ್ಲ. ಬಂಧುತ್ವದ ಪ್ರಶ್ನೆಯಲ್ಲಿ ಕ್ಯೂ ಗೆದ್ದಿತು. ಗುರುತಿನ ಪ್ರಶ್ನೆ ಮಾತ್ರ ಕಾಡಿನಲ್ಲೇ ಉಳಿಯಿತು.

ಇದಕ್ಕೆ ಐರನ್‌ಬಾರ್ಕ್ ಮರದ ಕತೆಗಿಂತ ಒಳ್ಳೆಯ ಪುರಾವೆ ನನಗೆ ಬೇರೆ ಕಾಣದು. ಮ್ಯೂಲರ್ 1855ರಲ್ಲಿ ಲ್ಯೂಕಾಕ್ಸಿಲಾನ್ ಎಂಬ ಪ್ರಭೇದವನ್ನು ವರ್ಣಿಸಿದ್ದ. ಅದು ನುಣುಪು ಕಾಂಡದ ಮರ. ಬುಡದಲ್ಲಿ ಕೊಂಚ ಒರಟು ಬಿಟ್ಟರೆ ಉಳಿದದ್ದೆಲ್ಲ ಬೆಳ್ಳಗೆ, ಹಳದಿ ಬೂದು ತೇಪೆಗಳೊಂದಿಗೆ ಇರುತ್ತದೆ. ಅದೇ ಸೀಮೆಯ ಒಣಗುಡ್ಡಗಳಲ್ಲಿ ಕೊಂಬೆಗಳವರೆಗೂ ಕಪ್ಪು ತೊಗಟೆ ಹೊದ್ದ ಐರನ್‌ಬಾರ್ಕ್ ಬೆಳೆಯುತ್ತದೆ. ಅದರ ಸೀಳುಗಳ ಆಳಕ್ಕೆ ಬೆರಳು ಇಳಿಯುತ್ತದೆ. ಕೆಂಪು ಅಂಟು ತೊಗಟೆಯೊಳಗೆಲ್ಲ ತುಂಬಿಕೊಂಡು ಒಣಗಿ ಕಲ್ಲಾಗಿರುವುದರಿಂದ ಕೊಡಲಿಯ ಬಾಯಿ ಮುರಿಯುವಷ್ಟು ಗಡುಸು. ಎರಡನ್ನೂ ಪಕ್ಕಪಕ್ಕ ನೋಡಿದ ಯಾರೂ ಒಂದೇ ಎನ್ನಲಾರರು. ಆದರೆ ಮೊಗ್ಗು, ಹೂವು, ಕಾಯಿಗಳಲ್ಲಿ ಎರಡಕ್ಕೂ ಹತ್ತಿರದ ಹೋಲಿಕೆ. ಬೆಂಥಮ್ ಎರಡನ್ನೂ ಲ್ಯೂಕಾಕ್ಸಿಲಾನ್ ಹೆಸರಿನ ಕೆಳಗೇ ತಂದ. ಕಾಡು ಸುತ್ತಿದ ಮ್ಯೂಲರ್ ಕೂಡ, 1879ರಿಂದ 1884ರವರೆಗೆ ನೂರು ಪ್ರಭೇದಗಳ ಚಿತ್ರ ಸಹಿತ ಹೊರತಂದ ತನ್ನ ಯೂಕಲಿಪ್ಟೊಗ್ರಾಫಿಯ ಗ್ರಂಥದಲ್ಲಿ ಆ ಹೆಸರಿಗೆ ಐರನ್‌ಬಾರ್ಕನ್ನು ಸೇರಿಸಿಕೊಂಡ. ತೊಗಟೆಯ ಪಕ್ಷದ ಆದಿಪುರುಷನೇ ಮೊಗ್ಗಿನ ಸಾಕ್ಷಿಗೆ ಮಣಿದ ಪ್ರಸಂಗ ಇದು. ಬೇರೆ ಎಂದು ಪಟ್ಟು ಹಿಡಿದವನು ವಿಲಿಯಂ ವೂಲ್ಸ್. ಪ್ಯಾರಾಮಟ್ಟದಲ್ಲಿ ಶಾಲೆ ನಡೆಸಿ, ಆಮೇಲೆ ರಿಚ್ಮಂಡ್‌ನಲ್ಲಿ ಪಾದ್ರಿಯಾಗಿದ್ದ ಈತ ಸಿಡ್ನಿ ಸುತ್ತಲಿನ ಮರಗಳ ತೊಗಟೆಯನ್ನು ದಶಕಗಳ ಕಾಲ ನೋಡಿದವನು. ಹಿಂದೆ ಅಲನ್ ಕನಿಂಗ್‌ಹ್ಯಾಮ್ ಸೂಚಿಸಿದ್ದ ಸೈಡೆರಾಕ್ಸಿಲಾನ್ ಎಂಬ ಹೆಸರನ್ನು 1887ರಲ್ಲಿ ವಿಧಿವತ್ತಾಗಿ ಪ್ರಕಟಿಸಿ ಕಪ್ಪು ಐರನ್‌ಬಾರ್ಕಿಗೆ ಸ್ವತಂತ್ರ ಸ್ಥಾನ ಕೊಟ್ಟ. ಆ ಹೆಸರಿನ ಜೊತೆ ಸಸ್ಯಶಾಸ್ತ್ರದಲ್ಲಿ ಇಂದಿಗೂ ವೂಲ್ಸ್ ಹೆಸರು ನಡೆಯುತ್ತಿದೆ. ಇಬ್ಬರು ಘಟಾನುಘಟಿಗಳಿಗಿಂತ ಊರಿನ ಪಾದ್ರಿಯ ಮಾತು ಸರಿಯಾಗಿತ್ತು, ಕಾರಣ ಅವನು ತೊಗಟೆಯನ್ನು ಸಾಕ್ಷಿಕಟ್ಟೆಯಿಂದ ಕೆಳಗಿಳಿಸಲಿಲ್ಲ.

ಕತೆ ಅಲ್ಲಿಗೆ ಮುಗಿದಿದ್ದರೆ ನಾನು ತೊಗಟೆಯ ಪರ ತೀರ್ಪು ಕೊಟ್ಟು ಸುಮ್ಮನಾಗಬಹುದಿತ್ತು. ಮುಂದೆ ನಡೆದದ್ದು ಅದಕ್ಕೆ ಅವಕಾಶ ಕೊಡುವುದಿಲ್ಲ. ಒಂದೇ ಎಂದುಕೊಂಡಿದ್ದ ಕಪ್ಪು ಐರನ್‌ಬಾರ್ಕೂ ಎರಡು ಎಂದು ಆಮೇಲೆ ತಿಳಿಯಿತು. ನ್ಯೂ ಸೌತ್ ವೇಲ್ಸ್ ಕಡೆಯ ಮರದಲ್ಲಿ ಒಂದು ಗೊಂಚಲಿಗೆ ಏಳು ಮೊಗ್ಗು. ವಿಕ್ಟೋರಿಯದ ಮರದಲ್ಲಿ ಮೂರೇ. ತೊಗಟೆಯಲ್ಲಿ ಇವೆರಡಕ್ಕೂ ಭೇದ ಹೇಳುವುದು ಕಷ್ಟ. ಲಾರೆನ್ಸ್ ಜಾನ್ಸನ್ ಮತ್ತು ಕೆನ್ ಹಿಲ್ 1991ರಲ್ಲಿ ಮೂರು ಮೊಗ್ಗಿನದನ್ನು ಟ್ರೈಕಾರ್ಪ ಎಂಬ ಪ್ರತ್ಯೇಕ ಪ್ರಭೇದವಾಗಿ ಎತ್ತಿಟ್ಟರು. ಮ್ಯೂಲರ್ ಏಕೆ ಎಡವಿದ ಎಂಬುದೂ ಇದರಿಂದ ಬೆಳಕಿಗೆ ಬರುತ್ತದೆ ಎಂದು ನನಗೆ ತೋರುತ್ತದೆ. ಅವನ ವಿಕ್ಟೋರಿಯದ ಐರನ್‌ಬಾರ್ಕು ಗೊಂಚಲಿಗೆ ಮೂರು ಮೊಗ್ಗಿನದು, ನುಣುಪು ಕಾಂಡದ ಲ್ಯೂಕಾಕ್ಸಿಲಾನ್ ಕೂಡ ಗೊಂಚಲಿಗೆ ಮೂರು ಮೊಗ್ಗಿನದೇ. ಒಂದೇ ಮರದ ಸುತ್ತ ಒಮ್ಮೆ ತೊಗಟೆ ಮೊಗ್ಗನ್ನು ತಿದ್ದಿತು, ನೂರು ವರ್ಷದ ಮೇಲೆ ಮೊಗ್ಗು ತೊಗಟೆಯನ್ನು ತಿದ್ದಿತು.

ತೊಗಟೆ ನಂಬಿಕೆಗೆ ಅರ್ಹವಲ್ಲ ಎಂಬ ಹಳೆಯ ಆಕ್ಷೇಪಕ್ಕೆ ಇಲ್ಲೇ ಉತ್ತರ ಹೇಳಬೇಕು. ಆಕ್ಷೇಪದಲ್ಲಿ ಹುರುಳಿದೆ. ಎಳೆಯ ಮರದ ತೊಗಟೆ ಬಲಿತ ಮರದ ಲಕ್ಷಣ ತೋರಿಸುವುದಿಲ್ಲ. ಬೆಂಕಿ ಬಿದ್ದರೆ ಬಣ್ಣ ಬದಲಾಗುತ್ತದೆ. ಒರಟು ಭಾಗ ಎಷ್ಟು ಎತ್ತರಕ್ಕೆ ಏರುತ್ತದೆ ಎಂಬುದು ಒಂದೇ ಪ್ರಭೇದದಲ್ಲೂ ನೆಲಕ್ಕೆ ತಕ್ಕಂತೆ ಹೆಚ್ಚು ಕಡಿಮೆ. ನುಣುಪು ತೊಗಟೆ ದೂರದೂರದ ಕವಲುಗಳಲ್ಲಿ ಬೇರೆ ಬೇರೆಯಾಗಿ ಬಂದಿರುವುದರಿಂದ ಅದರಿಂದ ವಂಶಾವಳಿ ಕಟ್ಟಲಾಗದು. ಆದರೆ ಇವುಗಳಲ್ಲಿ ಕೊನೆಯದು ಬಂಧುತ್ವದ ಪ್ರಶ್ನೆಗೆ ಸಂಬಂಧಿಸಿದ್ದು, ಗುರುತಿನದಕ್ಕಲ್ಲ. ಉಳಿದವು ಎಚ್ಚರಿಕೆಯ ಮಾತುಗಳೇ ಹೊರತು ಸಾಕ್ಷಿಯನ್ನು ಕಟ್ಟೆಯಿಂದ ಇಳಿಸಿಬಿಡುವ ಕಾರಣಗಳಲ್ಲ. ಬಲಿತ ಮರವನ್ನೇ ನೋಡಬೇಕು, ಒಂದೇ ಮರ ನೋಡಿ ನಿಲ್ಲಬಾರದು, ಬುಡವನ್ನೂ ನಡುಗಾಂಡವನ್ನೂ ಕೊಂಬೆಯನ್ನೂ ಬೇರೆ ಬೇರೆಯಾಗಿ ನೋಡಬೇಕು ಎಂದಷ್ಟೇ ಅವುಗಳ ಅರ್ಥ. ಒಬ್ಲಿಕ್ವ ಮತ್ತು ರೆಗ್ನನ್ಸ್ ಎಂಬ ಇನ್ನೊಂದು ಪ್ರಭೇದ ಒಂದೇ ಕವಲಿನವು, ಅಲ್ಲಲ್ಲಿ ಬೆರಕೆಯೂ ಆಗುತ್ತವೆ. ಆದರೆ ಒರಟು ತೊಗಟೆ ಒಂದರಲ್ಲಿ ಕೊಂಬೆಗಳವರೆಗೆ ಹೋಗುತ್ತದೆ, ಇನ್ನೊಂದರಲ್ಲಿ ಬುಡದ ಹತ್ತಾರು ಮೀಟರಿಗೆ ನಿಂತು ಮೇಲೆ ನುಣುಪಾಗುತ್ತದೆ. ಅರಣ್ಯ ನೌಕರನೊಬ್ಬ ಇಷ್ಟನ್ನು ದಾರಿಯಿಂದಲೇ ನೋಡಿ ಹೇಳಬಲ್ಲ. 1903ರಿಂದ ಭಾಗಭಾಗವಾಗಿ ಇಡೀ ಕುಲದ ವಿಮರ್ಶಾತ್ಮಕ ಪರಿಷ್ಕರಣೆಯನ್ನು ಪ್ರಕಟಿಸತೊಡಗಿದ ಜೋಸೆಫ್ ಮೇಡನ್ ಇದನ್ನು ಅರಿತಿದ್ದ. ತೊಗಟೆ, ಮರಮುಟ್ಟು, ಸಸಿಯ ಎಲೆ, ಪರಾಗಕೋಶ, ಕಾಯಿ, ಎಣ್ಣೆ ಎಲ್ಲವನ್ನೂ ಅವನು ತೂಗಿ ನೋಡಿದ. 1925ರಲ್ಲಿ ಅವನು ತೀರಿಕೊಂಡ ಮೇಲೂ ಆ ಕೆಲಸ 1933ರವರೆಗೆ ನಡೆಯಿತು. ಮುಂದಿನ ಬ್ಲೇಕ್ಲಿಯ ಕೈಪಿಡಿ, ಬ್ರೂಕರ್ ಮತ್ತು ಕ್ಲೈನಿಗ್ ಅವರ ಮೂರು ಸಂಪುಟಗಳು, ಕಂಪ್ಯೂಟರಿನಲ್ಲಿ ಯಾವ ಲಕ್ಷಣದಿಂದ ಬೇಕಾದರೂ ಹುಡುಕಾಟ ಶುರುಮಾಡಲು ಬಿಡುವ ಯೂಕ್ಲಿಡ್ ಇವೆಲ್ಲ ಆ ದಾರಿಯವೇ.

ಮರ ತವರು ಬಿಟ್ಟು ಹೊರಟಾಗ ಗುರುತಿನ ಕಷ್ಟ ಇಮ್ಮಡಿಯಾಗುತ್ತದೆ. ಆಸ್ಟ್ರೇಲಿಯದ ಒಳನಾಡಿನ ನದಿಗಳುದ್ದಕ್ಕೂ ಹಬ್ಬಿರುವ ರಿವರ್ ರೆಡ್ ಗಮ್ ಮರಕ್ಕೆ ಇಂದು ಇರುವ ಶಾಸ್ತ್ರೀಯ ಹೆಸರು ಕಮಾಲ್ಡುಲೆನ್ಸಿಸ್. ಈ ಹೆಸರನ್ನು 1832ರಲ್ಲಿ ಕೊಟ್ಟವನು ಡೇನ್‌ಹಾರ್ಟ್ ಎಂಬ ತೋಟಗಾರ. ನೋಡಿದ್ದು ಇಟಲಿಯ ನೇಪಲ್ಸ್ ಬಳಿ ಕಮಾಲ್ಡೋಲಿಯ ಖಾಸಗಿ ತೋಟದಲ್ಲಿ ಬೆಳೆಸಿದ ಮರವನ್ನು. ಆಸ್ಟ್ರೇಲಿಯದವರು ಇದನ್ನು ಬಹುಕಾಲ ಗಮನಿಸದೆ, ಮೊಗ್ಗಿನ ಕೊಕ್ಕನ್ನು ಸೂಚಿಸುವ ರಾಸ್ಟ್ರೇಟ ಎಂಬ ಹೆಸರನ್ನೇ ಇಪ್ಪತ್ತನೆಯ ಶತಮಾನದವರೆಗೂ ಬಳಸಿದರು. ಭಾರತಕ್ಕೆ ಈ ಬಳಗ ಬಂದ ದಾರಿಯೂ ಹೀಗೆಯೇ ಮಸುಕು. ಟಿಪ್ಪು ಸುಲ್ತಾನ 1790ರ ಸುಮಾರಿಗೆ ನಂದಿಬೆಟ್ಟದಲ್ಲಿ ಮೊದಲು ನೆಡಿಸಿದ ಎಂಬ ಮಾತು ಅರಣ್ಯ ಸಾಹಿತ್ಯದಲ್ಲೆಲ್ಲ ಇದೆ. ಇದನ್ನು ಹಾಗೆಯೇ ಒಪ್ಪುವುದು ನನಗೆ ಕಷ್ಟ. ಸಿಡ್ನಿಯಲ್ಲಿ ಬ್ರಿಟಿಷ್ ವಸಾಹತು ಶುರುವಾದದ್ದೇ 1788ರಲ್ಲಿ. ಆ ವರ್ಷ ಬಾಟನಿ ಬೇಗೆ ಬಂದ ಫ್ರೆಂಚ್ ನಾವಿಕ ಲಾ ಪೆರೂಸ್‌ನ ಹಡಗುಗಳು ಮರಳಿ ಮನೆ ಸೇರಲೇ ಇಲ್ಲ. ಅಂದ ಮೇಲೆ ಬೀಜ ಬಂದಿದ್ದರೆ ಟಿಪ್ಪುವಿನ ಶತ್ರುಗಳಾದ ಬ್ರಿಟಿಷರ ಕಡೆಯಿಂದಲೇ ಬರಬೇಕಿತ್ತು. 1790ರಲ್ಲಿ ಅವರೊಡನೆ ಯುದ್ಧ ಶುರುವಾಗಿ 1791ರ ಅಕ್ಟೋಬರಿನಲ್ಲಿ ನಂದಿದುರ್ಗ ಕಾರ್ನ್‌ವಾಲಿಸನ ಸೈನ್ಯದ ಕೈಸೇರಿತು. ಟೆರೆಟಿಕಾರ್ನಿಸ್‌ಗೆ ಹೆಸರು ಬಿದ್ದದ್ದೇ 1795ರಲ್ಲಿ. ಟಿಪ್ಪು ಹೊರಗಿನ ಗಿಡಗಳನ್ನು ತರಿಸುವ ಆಸ್ಥೆಯುಳ್ಳವನು ಎಂಬುದು ನಿಜ, ಆದರೆ ಆಸ್ಥೆಯೇ ಪುರಾವೆಯಲ್ಲ. ನಂದಿಯ ಮರಗಳು ಆಮೇಲಿನ ಹಲವು ನೆಡುವಿಕೆಗಳ ಫಲ ಎಂದು ತಿಳಿಯುವುದು ಹೆಚ್ಚು ಸಯುಕ್ತಿಕ. ನೀಲಗಿರಿ ಬೆಟ್ಟಗಳಿಗೆ ಈ ಮರ ಬಂದ ವರ್ಷ 1843 ಎಂಬುದು ಇದಕ್ಕಿಂತ ಗಟ್ಟಿ ನೆಲದ ಮೇಲಿದೆ.

ಯಾವಾಗಲೇ ಬಂದಿರಲಿ, ನಂದಿಬೆಟ್ಟದ ಮರಗಳ ಬೀಜವೇ 1950ರ ದಶಕದಿಂದ ಮೈಸೂರು ಸೀಮೆಯ ನೆಡುತೋಪುಗಳಿಗೆ, ಅಲ್ಲಿಂದ ಬೇರೆ ರಾಜ್ಯಗಳಿಗೆ ಹೋಯಿತು. ಮರ ಯಾವುದೆಂದು ಯಾರೂ ಖಚಿತವಾಗಿ ಹೇಳದಿದ್ದುದರಿಂದ ಇಲಾಖೆಯ ಕಾಗದಪತ್ರಗಳಲ್ಲಿ ಅದು ಯೂಕಲಿಪ್ಟಸ್ ಹೈಬ್ರಿಡ್ ಆಯಿತು, ಹೊರಗಿನವರಿಗೆ ಮೈಸೂರ್ ಗಮ್ ಆಯಿತು. ಪರಿಣತರು ನೋಡಿ ಹೇಳಿದ್ದು, ಇದು ಬಹುಪಾಲು ಟೆರೆಟಿಕಾರ್ನಿಸ್, ಅಲ್ಲಲ್ಲಿ ಕಮಾಲ್ಡುಲೆನ್ಸಿಸ್ ಮುಂತಾದವುಗಳ ಬೆರಕೆ ಇದೆ ಎಂದು. ಈ ಎರಡು ಮರಗಳ ವಿಷಯದಲ್ಲಿ ತೊಗಟೆ ಕೈಕೊಡುತ್ತದೆ. ಎರಡೂ ನುಣುಪು, ಬುಡದಲ್ಲಿ ಕೆಲವೊಮ್ಮೆ ಒರಟು. ಕಾಯಿಯೂ ಹೆಚ್ಚು ನೆರವಾಗದು, ಎರಡರಲ್ಲೂ ಅಂಚು ಉಬ್ಬಿ ಕವಾಟಗಳು ಹೊರಚಾಚಿರುತ್ತವೆ. ಮೊಗ್ಗು ಮಾತಾಡುತ್ತದೆ. ಟೆರೆಟಿಕಾರ್ನಿಸ್‌ನ ಮುಚ್ಚಳ ಬಟ್ಟಲಿಗಿಂತ ಬಹಳ ಉದ್ದ, ನಿಧಾನವಾಗಿ ಮೊನಚಾಗುವ ಕೊಂಬು. ಕಮಾಲ್ಡುಲೆನ್ಸಿಸ್‌ನದು ದುಂಡಗಿದ್ದು ತುದಿಯಲ್ಲಿ ಥಟ್ಟನೆ ಕೊಕ್ಕಾಗುವಂಥದು, ಆದರೆ ಆಸ್ಟ್ರೇಲಿಯದ ಉತ್ತರದ ತಳಿಗಳಲ್ಲಿ ಕೊಕ್ಕು ಮೊಂಡಾಗಿರುತ್ತದೆ. ಇನ್ನೂ ಸಂದೇಹವಿದ್ದರೆ ಕಾಯಿಯನ್ನು ಬಿಸಿಲಿಗಿಟ್ಟು ಬೀಜ ಉದುರಿಸಬೇಕು. ಕಮಾಲ್ಡುಲೆನ್ಸಿಸ್‌ನ ಬೀಜ ಹಳದಿ ಕಂದು, ಟೆರೆಟಿಕಾರ್ನಿಸ್‌ನದು ಕಪ್ಪು. ಕರ್ನಾಟಕದ ಲಕ್ಷಾಂತರ ಎಕರೆಯ ನೀರು, ಮಣ್ಣುಗಳ ಬಗ್ಗೆ ದಶಕಗಳ ಕಾಲ ವಾಗ್ವಾದ ನಡೆದು, 2017ರಲ್ಲಿ ಸರ್ಕಾರ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಆ ವಾದದುದ್ದಕ್ಕೂ ಹೆಚ್ಚಿನವರ ಬಾಯಲ್ಲಿ ನೀಲಗಿರಿ ಒಂದೇ ಮರವಾಗಿತ್ತು. ಹೊಳೆದಂಡೆಯ ಮರ, ಒಣನಾಡಿನ ಮರ, ಮಲೆಯ ಮರ ನೀರು ಬಳಸುವ ರೀತಿ ಒಂದೇ ಅಲ್ಲ ಎಂಬ ಮಾತು ಎತ್ತಲು ಮೊದಲು ಯಾವುದು ಯಾವುದೆಂದು ಗೊತ್ತಿರಬೇಕಿತ್ತು. ನಿಷೇಧ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಹೆಸರು ತಿಳಿಯದ ಮರದ ಮೇಲೆ ಅಷ್ಟು ಕಾಲ ವಾದಿಸಿದೆವು ಎಂಬುದು ನನಗೆ ನೋವಿನ ಸಂಗತಿ.

ಡಿಎನ್‌ಎ ಪರೀಕ್ಷೆ ಬಂದ ಮೇಲೆ ತೊಗಟೆ ಮೊಗ್ಗುಗಳ ಈ ಗೋಳೇಕೆ ಎಂದು ಇಂದು ಕೇಳುವವರಿದ್ದಾರೆ. ಬಂಧುತ್ವದ ವಿಷಯದಲ್ಲಿ ಡಿಎನ್‌ಎ ಹೊಸ ಬೆಳಕು ಚೆಲ್ಲಿದೆ, ಅದರಲ್ಲಿ ಎರಡು ಮಾತಿಲ್ಲ. 1995ರಲ್ಲಿ ಹಿಲ್ ಮತ್ತು ಜಾನ್ಸನ್ ಬ್ಲಡ್‌ವುಡ್‌ಗಳನ್ನು ಯೂಕಲಿಪ್ಟಸ್‌ನಿಂದ ಹೊರತೆಗೆದು ಕೊರಿಂಬಿಯ ಮಾಡಿದ್ದು ಮುಖ್ಯವಾಗಿ ಹೊರಲಕ್ಷಣಗಳ ಆಧಾರದ ಮೇಲೆ. ಬತ್ತಿದ ಕೆರೆಯಂಗಳದಂತೆ ಚೌಕಚೌಕವಾಗಿ ಬಿರಿದ ತೊಗಟೆ, ಹೂಜಿಯಾಕಾರದ ದೊಡ್ಡ ಕಾಯಿ ಆ ಗುಂಪಿನ ಬಹಳಷ್ಟು ಮರಗಳಲ್ಲಿ ಎದ್ದುಕಾಣುವ ಗುರುತು. ಅವು ಬೇರೆ ಕವಲು ಎಂಬುದನ್ನು ಡಿಎನ್‌ಎ ಕೂಡ ಎತ್ತಿಹಿಡಿಯಿತು. ಆದರೆ ಹತ್ತಿರದ ಪ್ರಭೇದಗಳ ನಡುವೆ ಅದೇ ಡಿಎನ್‌ಎ ತಡವರಿಸುತ್ತದೆ. ಟ್ಯಾಸ್ಮೇನಿಯದಲ್ಲಿ ಮರಗಳ ಹರಿದ್ರೇಣುವಿನ ಡಿಎನ್‌ಎಯನ್ನು ಹೋಲಿಸಿದಾಗ ಅದು ಪ್ರಭೇದಕ್ಕಿಂತ ಹೆಚ್ಚಾಗಿ ಊರಿಗೆ ಹೊಂದಿಕೊಂಡಿತ್ತು. ಒಂದೇ ಕಣಿವೆಯ ಬೇರೆ ಬೇರೆ ಪ್ರಭೇದಗಳು, ಹಿಂದಿನ ಬೆರಕೆಗಳ ಕಾರಣದಿಂದ, ಒಂದೇ ಗುರುತನ್ನು ಹಂಚಿಕೊಂಡಿದ್ದವು. ಅಂಥಲ್ಲಿ ಇದು ಯಾವ ಮರ ಎಂದು ಹೇಳಲು ಪ್ರಯೋಗಾಲಯದವರೂ ಮತ್ತೆ ತೊಗಟೆ, ಮೊಗ್ಗು, ಕಾಯಿಗಳಿಗೇ ಮರಳಬೇಕು. ಪರೀಕ್ಷೆಗೆ ಎಲೆ ಕಿತ್ತ ಮರ ಯಾವುದೆಂದು ಮೊದಲು ಸರಿಯಾಗಿ ಬರೆದಿಡದಿದ್ದರೆ ಪರೀಕ್ಷೆಯ ಫಲಕ್ಕೂ ಬೆಲೆ ಇಲ್ಲ.

ಬೆಂಥಮ್‌ಗೆ ಹೋದ ಹಾಳೆಗಳಲ್ಲಿ ಇಲ್ಲದ್ದು ಒಂದು ತುಂಡು ತೊಗಟೆ ಮತ್ತು ಅದರ ಬಗ್ಗೆ ಎರಡು ಸಾಲು. ಆ ಕೊರತೆಯನ್ನು ನಾವು ಮುಂದುವರಿಸಬೇಕಾಗಿಲ್ಲ. ನಂದಿಬೆಟ್ಟದಲ್ಲಿ, ಹಳೆಯ ಪ್ರವಾಸಿ ಬಂಗಲೆಗಳ ಅಂಗಳದಲ್ಲಿ, ಕಾಲೇಜು ಆವರಣಗಳಲ್ಲಿ ಉಳಿದಿರುವ ಹಳೆಯ ನೀಲಗಿರಿಗಳ ರೆಂಬೆ ಒಣಗಿಸಿಡುವ ಸಸ್ಯಶಾಸ್ತ್ರದ ವಿದ್ಯಾರ್ಥಿಗಳಲ್ಲಿ, ಅಧ್ಯಾಪಕರಲ್ಲಿ, ಅರಣ್ಯ ಇಲಾಖೆಯವರಲ್ಲಿ ನನ್ನ ಮನವಿ ಇಷ್ಟೇ. ಹಾಳೆಯ ಮೇಲೆ ಬಲಿತ ಮೊಗ್ಗನ್ನೂ ಬಿರಿದ ಕಾಯಿಯನ್ನೂ ಇಡಿ, ಬೀಜ ಉದುರಿಸಿ ಬಣ್ಣ ಬರೆಯಿರಿ, ಗೊಂಚಲಿನ ಮೊಗ್ಗು ಎಣಿಸಿ. ಒರಟು ತೊಗಟೆ ನೆಲದಿಂದ ಎಷ್ಟು ಎತ್ತರಕ್ಕೆ ಏರಿದೆ, ಎಳೆದರೆ ನಾರು ಬರುತ್ತದೆಯೋ ಚಕ್ಕೆ ಏಳುತ್ತದೆಯೋ, ಕಳಚಿದ ಜಾಗದ ಬಣ್ಣ ಯಾವುದು ಎಂಬುದನ್ನು ಮರದ ಬುಡದಲ್ಲಿ ನಿಂತಿರುವಾಗಲೇ ಚೀಟಿಯಲ್ಲಿ ಬರೆದು ಅಂಟಿಸಿ.